ಹನ್ನೊಂದು ಒಂದುಗಳ ಗೋವಿಂದಪ್ಪ

ಕಮರಿಪೇಟೆಯ ನಮ್ಮ ಓಣಿಯಲ್ಲಿ ನನ್ನಷ್ಟು ಸಂಶಯದ ಮನುಷ್ಯ ಇನ್ನೊಬ್ಬನಿಲ್ಲ. ಹೊಲಿಯಲು ಬಟ್ಟೆ ತಂದವರು ಮೂರು ಗಜ ಎಂದರೆ ಅವರೆದುರಿಗೇ ಅಳೆಯುತ್ತೇನೆ. ಅಂಥವನು ಎದುರು ಮನೆಗೆ ಬಾಡಿಗೆಗೆ ಬಂದ ಗೋವಿಂದಪ್ಪನನ್ನು ನಂಬುವುದುಂಟೇ?

ಅವನು ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳ ನಂಬರು ಬರೆದುಕೊಳ್ಳುವ ಕೆಲಸದವನು. ಒಂಟಿ ಜೀವ. ೧೯೫೯ರಲ್ಲಿ ಬಂದಾಗಿನಿಂದ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಪುಟ ಬರೆಯುವನು. ಪ್ರತಿ ಪುಟದ ತಲೆಯಲ್ಲೂ ಸಾಲಾಗಿ ಹನ್ನೊಂದು ಒಂದುಗಳು: 11111111111. ಇದೇನೆಂದು ಕೇಳಿಯೇಬಿಟ್ಟೆ.

“ಇದನ್ನ ಶೇಷ ಉಳೀದಂಗ ಭಾಗಿಸೂ ಸಂಖ್ಯೆ ಹುಡುಕಾಕತ್ತೇನ್ರಿ,” ಎಂದ. “ಮೂರು, ಏಳು, ಹದಿಮೂರು, ಹಿಂಗ ಬ್ಯಾರೆ ಯಾವ ಸಂಖ್ಯೆದಿಂದನೂ ತಾವು ಒಡೀಲಾರದ ಸಂಖ್ಯೆ ಅಷ್ಟ ಹಿಡೀತೇನಿ. ದಿನಕ್ಕೊಂದು.”

“ಸಿಕ್ಕರ ಯಾರರ ಏನರ ಕೊಡ್ತಾರೇನ್ರಿ?”

“ಇಲ್ರಿ. ಜನ್ಮಾ ಪೂರ್ತಿ ಮಂದಿ ಹಾಕಿದ ನಂಬರ ಬರಕೊಂಡೇನಿ. ಇದೊಂದರ ನಾ ಹುಡುಕಿದ್ದು ಅಂತ ಆಗ್ಲಿ.”

ಬಿಟ್ಟಿ ಕೆಲಸಕ್ಕೆ ಯಾರಾದರೂ ವರ್ಷಗಟ್ಟಲೆ ಕೂರುತ್ತಾರೆಯೇ? ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು.

೧೯೬೫ರ ಸೆಪ್ಟೆಂಬರಿನಲ್ಲಿ ಯುದ್ಧ ನಡೆದಿತ್ತು. ಗೂಢಚಾರರಿದ್ದಾರೆ, ಎಚ್ಚರ ಎಂದು ಊರೆಲ್ಲ ಮಾತು. ದಂಡಿನ ಸಾಮಾನು ಹೋಗುವ ಡಬ್ಬಿಗಳ ನಂಬರು ಬಲ್ಲವನು, ದಿನಾ ಪುಟ ತುಂಬ ಅಂಕಿ ಗೀಚುವವನು ಇವನಲ್ಲದೆ ಇನ್ನಾರು? “ಸುಮ್ನ ಕುಂದರ್ರಿ, ಬಡಪಾಯಿ ಅದಾನ,” ಎಂದ ನನ್ನ ಹೆಂಡತಿ ದೇವಕ್ಕನ ಮಾತು ಕೇಳದೆ ಠಾಣೆಗೆ ಹೋಗಿ ಹೇಳಿ ಬಂದೆ. ಅಂದೇ ಸಂಜೆ ಫೌಜದಾರ ಬಂದು, ಬರೆಯುತ್ತ ಕೂತವನ ಕೈಯಿಂದ ನೋಟ್‌ಬುಕ್ಕು ಕಸಿದುಕೊಂಡು ಅವನನ್ನೂ ಎಳೆದೊಯ್ದ.

ನಾಲ್ಕು ದಿನಕ್ಕೆ ಬಿಟ್ಟರು. ಇದು ಬರೀ ಭಾಗಾಕಾರವೆಂದು ಧಾರವಾಡದ ಗಣಿತದ ಮಾಸ್ತರೊಬ್ಬರು ಬರೆದುಕೊಟ್ಟರಂತೆ. ಗೋವಿಂದಪ್ಪ ಹರಿದ ನೋಟ್‌ಬುಕ್ಕು ಹಿಡಿದು ನೇರ ನನ್ನ ಅಂಗಡಿಗೇ ಬಂದ. “ಹಾಳಿ ಎಲ್ಲಾ ಬಿಚ್ಚ್ಯಾವ್ರಿ. ಹೊಲದು ಕೊಡ್ರಿ.”

ಹೊಲಿಯುವಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. 21649ರಿಂದ ಭಾಗಿಸುತ್ತಿದ್ದ ಲೆಕ್ಕ ಅರ್ಧಕ್ಕೇ ನಿಂತಿತ್ತು. ಮಿಕ್ಕ ಪುಟಗಳನ್ನೆಲ್ಲ ಮುಗಿಸಿದವನು ಇದನ್ನೇಕೆ ಬಿಟ್ಟ? ಏನೋ ಮುಚ್ಚಿಟ್ಟಿದ್ದಾನೆ ಎಂದುಕೊಂಡು ನಾನೇ ಪೆನ್ಸಿಲ್ ಹಿಡಿದು ಮುಗಿಸಿದೆ. ಭಾಗಲಬ್ಧ 513239, ಶೇಷ ಸೊನ್ನೆ. ನಂಬಿಕೆಯಾಗದೆ ಮತ್ತೆರಡು ಸಲ ಮಾಡಿದೆ. ಆಗಲೂ ಸೊನ್ನೆ.

ಓಡಿಹೋಗಿ ತೋರಿಸಿದೆ. ಮಾಡಿದ ಪಾಪ ಇದರಿಂದಾದರೂ ತೊಳೆದುಹೋದೀತೆಂಬ ಆಸೆ ನನಗೆ. ಅವನು 21649ನ್ನು 513239ರಿಂದ ಗುಣಿಸಿ ನೋಡಿದ. ಹನ್ನೊಂದು ಒಂದುಗಳೂ ಬಂದವು. ನೋಟ್‌ಬುಕ್ಕು ಮುಚ್ಚಿದ.

“ಫೌಜದಾರ ಹತ್ತು ನಿಮಿಷ ತಡಾ ಮಾಡಿ ಬಂದಿದ್ರ ನನಗ ಸಿಕ್ತಿತ್ತು,” ಎಂದ. “ಆರೂವರಿ ವರ್ಷ ಹುಡುಕಿದಾಂವ ನಾ. ಸಿಕ್ಕಿದ್ದು ನಿಮಗ. ಠಾಣೇಕ್ಕ ಹೋಗಿ ಹೇಳಿದವ್ರೂ ನೀವ ಅಲ್ರಿ?”

ಹೌದೆಂದು ತಲೆ ಆಡಿಸಿದೆ.

“ಹಂಗಾದ್ರ ಇದನ್ನ ನೀವ ಇಟ್ಕೋರಿ,” ಎಂದು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.