ಹಗೇವಿಗೆ ಇಳಿಯದ ದೀಪ

ಇದ್ದದ್ದನ್ನು ಇದ್ದ ಹಾಗೆ ತೋರಿಸುವುದೇ ಛಾಯಾಗ್ರಾಹಕನ ಪರಮಧರ್ಮ. ಈ ಘನವಾಕ್ಯವನ್ನು ನನ್ನ ಅಂಗಡಿಯ ಬೋರ್ಡಿನ ಮೇಲೆ ಬರೆಸಿದವನು ನಾನೇ. ಬರೆಸುವ ಹೊತ್ತಿಗಾಗಲೇ ಒಬ್ಬ ಮನುಷ್ಯನನ್ನು ಸಾಯಿಸಿ, ಆ ಪಾಪವನ್ನು ಅವನ ಹೆಂಡತಿಯ ತಲೆಗೆ ಕಟ್ಟಿ ಬಂದಿದ್ದೆ.

ಯುದ್ಧದ ಕಾಲ. ಹಳ್ಳಿಗರು ರಾಗಿ ಕೂಡಿಡುವ ಬಗೆಯ ಚಿತ್ರ ತೆಗೆದುಕೊಡಲು ಬೆಂಗಳೂರಿನ ಕಚೇರಿಯೊಂದು ನನ್ನನ್ನು ಹತ್ತಿರದ ಮಧುರೆ ಹೋಬಳಿಯ ಕಡೆಗೆ ಅಟ್ಟಿತ್ತು. ಅಲ್ಲಿ ರಾಗಿ ಇರುವುದು ಹಗೇವಿನಲ್ಲಿ — ಬಾವಿಯಂತೆ ನೆಲದೊಳಗೆ ತೋಡಿದ ಕಣಜ. ಬಾಯಿ ತೆರೆದ ಮೇಲೆ ಅರ್ಧ ದಿನ ಗಾಳಿಯಾಡಲು ಬಿಡಬೇಕು. ಆಮೇಲೆ ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯಕೂಡದು.

ನಾನು ಚಿತ್ರ ತೆಗೆಯಲು ಹೋದ ಹಗೇವಿನ ಒಡೆಯ ಮುನಿಯಪ್ಪ ಆಗಷ್ಟೇ ಅದರ ಬಾಯಿಯ ಚಪ್ಪಡಿ ಸರಿಸಿದ್ದ. ನೆತ್ತಿಯ ಬಿಸಿಲು ಒಳಗೆ ಬೀಳುವುದು ಒಂದು ಗಳಿಗೆ ಮಾತ್ರ — ಅದು ಬಂದೇಬಿಟ್ಟಿತು.

“ಪೋಟೋದಾಗೆ ನಮ್ಮೆಜಮಾನ್ರು ರಾಗಿಗಿಂತ ಕಪ್ಪಗೆ ಬತ್ತಾರೆ” ಎಂದು ಅವನ ಹೆಂಡತಿ ಪುಟ್ಟಮ್ಮ ನಕ್ಕಳು.

“ನಿನ್ ಹಲ್ಲಿನ ಪೋಟೋ ತೆಗುದ್ರೆ ಗಾಜೇ ಒಡ್ದೋಯ್ತದೆ. ಹೋಗಮ್ಮಿ, ದೀಪ ತತ್ತಾ.”

“ತತ್ತೀನಿ. ಅಲ್ಲೀಗಂಟ ಇಳೀಬ್ಯಾಡಿ.”

ಅವಳು ಮನೆಯೊಳಗೆ ಹೋದಳು. ನಾನು ಹೇಳಿದೆ: “ಬಿಸಿಲು ಹೋಗ್ತದೆ ಮುನಿಯಪ್ಪ. ದೀಪ ಇದ್ರೆ ಚಿತ್ರದಲ್ಲಿ ಬಿಳೀ ಮಚ್ಚೆ ಬೀಳ್ತದೆ. ಇಳಿದುಬಿಡು.”

“ಒಳ್ಗೆ ಕೆಟ್ಟ ಗಾಳಿ, ಸ್ವಾಮಿ…”

“ಎರಡೇ ಮೆಟ್ಟಿಲು.”

ಪಟ್ಟಣದವರ ಮಾತು ತೆಗೆದುಹಾಕಿ ಅಭ್ಯಾಸವಿಲ್ಲದವನು — ಇಳಿದ. ನಾನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ಬಿಂಬ ತಲೆಕೆಳಗು. ಅವನು ಇಳಿಯುವುದು ನನಗೆ ಏರುವಂತೆ ಕಾಣುತ್ತಿತ್ತು. “ಇನ್ನೊಂದು ಮೆಟ್ಟಿಲು” ಎಂದೆ. ಎಂಥ ಸೊಗಸಾದ ನೆರಳು ಎಂದುಕೊಂಡೆ — ಹೌದು, ಅದನ್ನೇ ಅಂದುಕೊಂಡೆ. ಬಟ್ಟೆ ಸರಿಸಿದಾಗ ಹಗೇವಿನ ಬಾಯಲ್ಲಿ ಯಾರೂ ಇರಲಿಲ್ಲ. ಪುಟ್ಟಮ್ಮ ಉರಿಯುವ ಲಾಟೀನು ಹಿಡಿದು ನನ್ನ ಹಿಂದೆ ನಿಂತಿದ್ದಳು.

ಹೆಣ ಮೇಲೆತ್ತಿದ ಮೇಲೆ ಪಟೇಲರು ಕೇಳಿದರು: “ದೀಪ ಇಳಿಸ್ದೆ ಯಾಕಿಳ್ದ, ಸ್ವಾಮಿ?”

“ನಾನು ಬಟ್ಟೆಯೊಳಗಿದ್ದೆ. ನೋಡಲಿಲ್ಲ.”

ಉಳಿದದ್ದನ್ನು ಮುನಿಯಪ್ಪನ ತಾಯಿ ಮುಗಿಸಿದಳು: “ದೀಪ ತರಾಕೆ ಹೊತ್ತು ಮಾಡಿ ನನ್ ಮಗನ್ನ ನುಂಗ್ಕೊಂಡ್ಳು!” ಪುಟ್ಟಮ್ಮ ನನ್ನ ಕಡೆ ನೋಡಿದಳು. ನಾನು ಸ್ಟ್ಯಾಂಡಿನ ಕಾಲು ಮಡಚುತ್ತಿದ್ದೆ — ಬಹಳ ಶ್ರದ್ಧೆಯಿಂದ.

ಅವಳನ್ನು ತೂಬಗೆರೆಯ ತವರಿಗೆ ಅಟ್ಟಿದರು. ನಿಜ ಹೇಳಲು ನಾನು ಅಲ್ಲಿಗೆ ಹೋದದ್ದು ಆರು ವರ್ಷದ ಮೇಲೆ. ಧೈರ್ಯ ಬರಲು ಅಷ್ಟು ಕಾಲ ಬೇಕಾಯಿತು ಎಂದರೆ ಅದೂ ಸುಳ್ಳು; ಬಸ್ಸು ದಿನವೂ ಇತ್ತು, ನಾನು ಹತ್ತಲಿಲ್ಲ.

ಪುಟ್ಟಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.