ಯಾರೂ ಮುಟ್ಟದ ಚೆಂಡು

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಗೆದ್ದ ಕಪ್‌ಗಳ ಕಥೆಯನ್ನು ಯಾರು ಬೇಕಾದರೂ ಹೇಳುತ್ತಾರೆ. ತಂಡ ಹೇಗೆ ಮುಗಿಯಿತು ಎಂಬುದನ್ನು ಮಾತ್ರ ನಾನೇ ಹೇಳಬೇಕು. ಆ ದಿನ ಅಂಕಣದ ನಡುವೃತ್ತದಲ್ಲಿ ನಿಂತಿದ್ದವನು ನಾನು.

ಎಪ್ಪತ್ತರ ದಶಕದಲ್ಲಿ ಜಾಲಹಳ್ಳಿಯ ಕಾರ್ಖಾನೆ ನನ್ನನ್ನು ಸೇರಿಸಿಕೊಂಡಿದ್ದೇ ನನ್ನ ಎತ್ತರ ನೋಡಿ. ಹೆಸರಿಗೆ ಡ್ರಿಲ್ಲಿಂಗ್ ಮಷೀನು, ಅಸಲು ಕೆಲಸ ಆಟ. ಮಧ್ಯಾಹ್ನ ಮೂರಾದರೆ ಆಟಗಾರರಿಗೆ ಗೇಟ್ ಪಾಸ್. ನಾನು ಬಿಟ್ಟುಹೋದ ಪೀಸುಗಳನ್ನು ಪಕ್ಕದ ಮಷೀನಿನ ಅಣ್ಣ ಮುಗಿಸಿಕೊಡುತ್ತಿದ್ದರು. "ಓಗಪ್ಪ ದೊರೆ, ಚೆಂಡು ಕಾಯ್ತಾ ಐತೆ" ಎಂದು ದಿನಾ ರೇಗಿಸುತ್ತಿದ್ದರು. ನಾವು ಗೆದ್ದಾಗ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರೂ ಅವರೇ.

ಎಂಬತ್ತರ ಆಚೀಚೆ ಮುಷ್ಕರ ಶುರುವಾಯಿತು. ಆಟಗಾರರೂ ಎಲ್ಲರ ಜೊತೆ ಗೇಟಿನ ಹೊರಗೆ ಕೂತೆವು. ಅಷ್ಟರಲ್ಲಿ ಕಾರ್ಖಾನೆಗಳ ನಡುವಿನ ಟೂರ್ನಿಯ ಫೈನಲ್ ಬಂತು. ಸಾಹೇಬರು ನಮ್ಮನ್ನು ಕರೆಸಿದರು. "ಆಡಿದ್ರೆ ಟೀಮ್ ಇರುತ್ತೆ. ಇಲ್ಲಾಂದ್ರೆ ಇವತ್ತಿಗೇ ಕ್ಲೋಸ್" ಎಂದರು. ಆಟವೂ ನಿಮಗೆ ಡ್ಯೂಟಿಯೇ, ಆಡಿದರೆ ಮುಷ್ಕರ ಮುರಿದಂತೆ, ಆಡಬೇಡಿ ಎಂದರು ಯೂನಿಯನ್ನಿನವರು. ಪಕ್ಕದ ಮಷೀನಿನ ಅಣ್ಣನನ್ನೇ ಕೇಳಿದೆ.

"ನಾನೇನೂ ಯೋಳಾಕಿಲ್ಲ ಕಣಪ್ಪ. ನಿಂಗೆ ತೋಚ್ದಂಗೆ ಮಾಡು."

ಅದಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು.

ಟೌನ್‌ಶಿಪ್ಪಿನ ಅಂಕಣದ ಸುತ್ತ ಜನವೋ ಜನ. ಒಂದು ಸಿಳ್ಳೆಯಿಲ್ಲ, ಬೈಗುಳವೂ ಇಲ್ಲ. ಎದುರಾಳಿಗಳು ಪೀಣ್ಯದ ಕಾರ್ಖಾನೆಯವರು, ಅವರಲ್ಲಿ ಮುಷ್ಕರವಿರಲಿಲ್ಲ. ಆಡಬೇಕೋ ಬೇಡವೋ, ಆಗಲೂ ತೀರ್ಮಾನವಾಗಿರಲಿಲ್ಲ. ಆಟ ಶುರುಮಾಡಲು ರೆಫರಿ ನನಗೂ ಎದುರು ತಂಡದವನಿಗೂ ನಡುವೆ ಚೆಂಡನ್ನು ಮೇಲಕ್ಕೆ ಎಸೆದರು. ಹಾರಲು ಮೊಣಕಾಲು ಬಗ್ಗಿಸಿದೆ. ಆಗ, ಗೆರೆಯಾಚೆ ಕೈಕಟ್ಟಿ ನಿಂತಿದ್ದ ಅಣ್ಣ ಕಂಡರು.

ನಾನು ಹಾರಲಿಲ್ಲ.

ಎದುರಿನವನು ಸುಮ್ಮನೆ ಕೈ ಎತ್ತಿದ್ದರೂ ಸಾಕಿತ್ತು, ಚೆಂಡು ಅವರದು. ಅವನು ನನ್ನ ಮುಖ ನೋಡಿದ. ಅವನೂ ನನ್ನಂತೆ ಮಷೀನಿನ ಮುಂದೆ ನಿಲ್ಲುವವನೇ. ಎತ್ತಲಿಲ್ಲ. ಚೆಂಡು ನಮ್ಮಿಬ್ಬರ ನಡುವೆ ಬಿದ್ದು, ಪುಟಿದು, ಉರುಳುತ್ತಾ ಗೆರೆ ದಾಟಿತು. ಯಾರೂ ತರಲು ಹೋಗಲಿಲ್ಲ.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಮುಷ್ಕರ ಮುಗಿದು ಎಲ್ಲರೂ ಒಳಗೆ ಹೋದೆವು, ತಂಡ ಮಾತ್ರ ಹೊರಗೇ ಉಳಿಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಂತ ಮತ್ತೆ ಅಲ್ಲಿ ನಿಲ್ಲಿಸಿದರೂ ನಾನು ಹಾರುವವನಲ್ಲ.

ಕೆಲಸಕ್ಕೆ ಮರಳಿದ ಮೊದಲ ದಿನ, ಮೂರು ಗಂಟೆಗೆ, ಅಭ್ಯಾಸಬಲದಿಂದ ಮಷೀನು ನಿಲ್ಲಿಸಿಬಿಟ್ಟೆ. ಪಕ್ಕದ ಅಣ್ಣನೂ ಅಭ್ಯಾಸಬಲದಿಂದಲೇ ನನ್ನ ಪೀಸುಗಳ ಟ್ರೇಗೆ ಕೈ ಚಾಚಿದರು. ಆಮೇಲೆ ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡರು.