ಡೊಂಕಾದ ಹೊಲಿಗೆ

ಕಣ್ಣಾಸ್ಪತ್ರೆಯ ಫೋಟೋ ಕೋಣೆಯ ಟೆಕ್ನಿಷಿಯನ್‌ಗೆ ಸಹೋದ್ಯೋಗಿಗಳು ಇಟ್ಟ ಹೆಸರು ಮುಕ್ಕಣ್ಣಕ್ಕ. ಅಕ್ಷಿಪಟಲದ ಬಣ್ಣದ ಫೋಟೋ, ಅದರ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುವ ಸ್ಕ್ಯಾನ್, ತೋಳಿಗೆ ಬಣ್ಣದ ಮದ್ದು ಚುಚ್ಚಿ ತೆಗೆಯುವ ರಕ್ತನಾಳದ ಚಿತ್ರ: ಅನುಮಾನದ ಕಣ್ಣಾದರೆ ಈ ಮೂರನ್ನೂ ಒಂದರ ಮೇಲೊಂದು ಕೂರಿಸಿ ನೋಡದೆ ಆಕೆ ಫೈಲು ಮುಚ್ಚುವುದಿಲ್ಲ.

ಈ ಹಟದ ಹಿಂದೆ ಆಕೆಯ ಅಕ್ಕ ಇದ್ದಾಳೆ. ಅಕ್ಕ ಟೈಲರ್. ಒಂಬತ್ತು ವರ್ಷದ ಹಿಂದೆ, ನೇರ ಹೊಲಿಗೆ ಡೊಂಕಾಗಿ ಕಾಣುತ್ತಿದೆ ಎಂದು ಇಲ್ಲಿಗೆ ಬಂದಿದ್ದಳು. ಹಿರಿಯ ಡಾಕ್ಟರು ಬಣ್ಣದ ಫೋಟೋ ಒಂದನ್ನೇ ನೋಡಿ, "ಏನೂ ಇಲ್ಲಮ್ಮ, ವಯಸ್ಸು. ಆರು ತಿಂಗಳು ಬಿಟ್ಟು ಬನ್ನಿ" ಎಂದರು. ನಾಲ್ಕನೆಯ ತಿಂಗಳಿಗೆ ಪಟಲದಡಿ ರಕ್ತ ಒಸರಿತು. ವರ್ಷದೊಳಗೆ ಇನ್ನೊಂದು ಕಣ್ಣೂ ಅದೇ ದಾರಿ ಹಿಡಿಯಿತು. ಹೊಲಿಗೆ ಯಂತ್ರಕ್ಕೆ ಮುಸುಕು ಬಿತ್ತು. ತಂಗಿ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಅದೇ ಆಸ್ಪತ್ರೆ ಸೇರಿದಳು. ಅಕ್ಕನ ಕಣ್ಣಿನ ಆ ಹಳೆಯ ಫೋಟೋ ಆಕೆಯ ಮೇಜಿನ ಖಾನೆ ಸೇರಿತು.

ಕಳೆದ ವರ್ಷ ಒಂದು ಮಧ್ಯಾಹ್ನ ಹಿರಿಯ ಡಾಕ್ಟರೇ ಆಕೆಯ ಯಂತ್ರಕ್ಕೆ ಗದ್ದ ಕೊಟ್ಟು ಕೂತರು. "ಬಾಗಿಲ ಚೌಕಟ್ಟು ಸೊಟ್ಟಗೆ ಕಾಣ್ತಿದೆ ಕಣಮ್ಮ."

ಬಣ್ಣದ ಫೋಟೋ ಶುಭ್ರವಾಗಿ ಬಂತು. ಆಕೆ ದೀಪ ಹಾಕಿದಳು. "ಏನೂ ಇಲ್ಲ ಸರ್, ವಯಸ್ಸು. ಆರು ತಿಂಗಳು ಬಿಟ್ಟು ಬನ್ನಿ."

"ತಮಾಷೇನಾ? ಸ್ಕ್ಯಾನ್ ಯಾರು ಮಾಡ್ತಾರೆ?"

"ನಮ್ಮಕ್ಕನಿಗೆ ಯಾರು ಮಾಡಿದ್ರು?"

ಖಾನೆಯ ಫೋಟೋ ಮೇಜಿಗೆ ಬಂತು. ಕೆಳಗೆ ಅವರದೇ ಸಹಿ. ಆಕೆ ಕಾಗದ, ಪೆನ್ನು ಮುಂದಿಟ್ಟಳು. "ಬರೀರಿ. ಫೋಟೋ ಒಂದನ್ನೇ ನೋಡಿದೆ, ತಪ್ಪು ನನ್ನದು ಅಂತ."

ಬರೆದರು. ಆಕೆ ಕಾಗದ ಎತ್ತಿ ನೋಡಿದಳು. "ಸಾಲು ಡೊಂಕಾಗಿದೆ ಸರ್. ಇನ್ನೊಂದ್ಸಲ."

ಮೂರು ಸಲ ಬರೆಸಿದ ಮೇಲೆಯೇ ಯಂತ್ರ ಚಾಲೂ ಆಯಿತು. ಸ್ಕ್ಯಾನಿನಲ್ಲಿ ಪಟಲದಡಿ ನೀರು ಕಂಡಿತು; ಅದು ಸೋರುತ್ತಿದ್ದ ಜಾಗವನ್ನು ಮದ್ದಿನ ಚಿತ್ರ ತೋರಿಸಿತು. ಅದೇ ವಾರ ಇಂಜೆಕ್ಷನ್ ಬಿತ್ತು. ಕಣ್ಣು ಉಳಿಯಿತು.

ಕಾಗದವನ್ನು ಮನೆಯಲ್ಲಿ ಓದಿ ಹೇಳಿದಾಗ ಅಕ್ಕ ಕೇಳಿದಳು, "ಅವನ ಕಣ್ಣು ಉಳಿಸಿಬಿಟ್ಯಾ?"

"ಉಳಿಸ್ದೆ. ಆದ್ರೆ ತಿಂಗಳಿಗೊಂದ್ಸಲ ಸ್ಕ್ಯಾನ್‌ಗೆ ಬರ್ಲೇಬೇಕು. ಬದುಕಿರೋವರೆಗೂ."

"ನಿನ್ನ ಹತ್ರಾನೇ?"

"ನನ್ನ ಹತ್ರಾನೇ."

ಅಕ್ಕ ಎಂಟು ವರ್ಷದಲ್ಲಿ ಮೊದಲ ಸಲ ಮನಸಾರೆ ನಕ್ಕಳು. "ಹಾಗಾದ್ರೆ ಬೆಂಚ್ ಮೇಲೆ ಕೂರಿಸು. ಕೊನೇ ನಂಬರ್ ಕೊಡು."

ಆವತ್ತಿನಿಂದ ಅವರ ನಂಬರ್ ಕೊನೆಯದೇ.